ಕೋಪಾ ಅಮೆರಿಕಾ ಫೆಮೆನಿನಾ: ಬ್ರೆಜಿಲ್ 9, ಉಳಿದವರೆಲ್ಲ ಸೇರಿ 1. ಅಂತರ ನಿಜಕ್ಕೂ ಕುಗ್ಗಿದೆಯೇ?

(ಅಭಿಮಾನಿಗಳ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಮುಂಜಾನೆ ಎರಡೂವರೆ

ಕೋಪಾ ಅಮೆರಿಕಾ ಫೆಮೆನಿನಾ, ಅಂದರೆ ದಕ್ಷಿಣ ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡಗಳ ಫುಟ್‌ಬಾಲ್ ಚಾಂಪಿಯನ್‌ಷಿಪ್, 1991ರಿಂದ 2025ರವರೆಗೆ 10 ಸಲ ನಡೆದಿದೆ. ಒಂಬತ್ತು ಸಲ ಬ್ರೆಜಿಲ್, 2006ರಲ್ಲಿ ಒಂದೇ ಒಂದು ಸಲ ಅರ್ಜೆಂಟೀನಾ. ಪಟ್ಟಿ ನೋಡಿದವರು "ಇದರಲ್ಲಿ ನೋಡೋದೇನಿದೆ, ಫಲಿತಾಂಶ ಮೊದಲೇ ಗೊತ್ತಲ್ಲ" ಅನ್ನುತ್ತಾರೆ. ಆದರೆ 2025ರ ಆಗಸ್ಟ್ 2ರಂದು ಈಕ್ವೆಡಾರ್‌ನ ಕ್ವಿಟೊದಲ್ಲಿ ನಡೆದ ಫೈನಲ್ 4–4ರಲ್ಲಿ ನಿಂತು, ಬ್ರೆಜಿಲ್ ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ, ಅದೂ 5–4ರಿಂದ. ಕೊಲಂಬಿಯಾ ಮೂರು ಸಲ ಮುಂದಿತ್ತು, ಮೂರು ಸಲವೂ ಬ್ರೆಜಿಲ್ ಸಮ ಮಾಡಿತು.

ಇದು ಒಂದು ದಿನದ ಏರುಪೇರೋ, ಅಥವಾ ಖಂಡದ ಬಲಾಬಲವೇ ಬದಲಾಗಿದೆಯೋ? ಅಭಿಪ್ರಾಯಕ್ಕಿಂತ ಲೆಕ್ಕ, ನಿಯಮ, ವೇಳಾಪಟ್ಟಿ ಹಿಡಿದು ಮಾತಾಡೋಣ.

ಅಂಕಪಟ್ಟಿ

2022ರಲ್ಲಿ ಕೊಲಂಬಿಯಾದಲ್ಲಿ ನಡೆದ ಟೂರ್ನಿಯಲ್ಲಿ ಬ್ರೆಜಿಲ್: ಅರ್ಜೆಂಟೀನಾ 4–0, ಉರುಗ್ವೆ 3–0, ವೆನೆಜುವೆಲಾ 4–0, ಪೆರು 6–0, ಸೆಮಿಫೈನಲ್‌ನಲ್ಲಿ ಪರಾಗ್ವೆ 2–0, ಫೈನಲ್‌ನಲ್ಲಿ ಕೊಲಂಬಿಯಾ 1–0. ಆರು ಪಂದ್ಯ, ಹೊಡೆದದ್ದು 20, ಬಿಟ್ಟುಕೊಟ್ಟದ್ದು ಸೊನ್ನೆ.

2025ರಲ್ಲಿ ಬ್ರೆಜಿಲ್: ವೆನೆಜುವೆಲಾ 2–0, ಬೊಲಿವಿಯಾ 6–0, ಪರಾಗ್ವೆ 4–1, ಕೊಲಂಬಿಯಾ 0–0, ಸೆಮಿಯಲ್ಲಿ ಉರುಗ್ವೆ 5–1, ಫೈನಲ್ 4–4. ಆರು ಪಂದ್ಯ, ಹೊಡೆದದ್ದು 21, ಬಿಟ್ಟುಕೊಟ್ಟದ್ದು 6.

ಮುಂಪಡೆ ಇದ್ದ ಹಾಗೇ ಇದೆ. ವ್ಯತ್ಯಾಸ ಪೂರ್ತಿ ಹಿಂದಿನ ಸಾಲಿನದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕ ಇದೆ. 2022ರಲ್ಲಿ ಎರಡೂ ಗುಂಪುಗಳ ಅಂಕಪಟ್ಟಿ ಮೇಲಿಂದ ಕೆಳಕ್ಕೆ 12, 9, 6, 3, 0. ಗುಂಪು ಹಂತದ 20 ಪಂದ್ಯಗಳಲ್ಲಿ ಒಂದೂ ಡ್ರಾ ಇಲ್ಲ. ಮೇಲಿನವರು ಕೆಳಗಿನವರನ್ನೆಲ್ಲ ಸೋಲಿಸಿದರು, ಒಂದು ಮೆಟ್ಟಿಲೂ ಅಲುಗಲಿಲ್ಲ. 2025ರ ಮೊದಲ ಪಂದ್ಯವೇ ಈಕ್ವೆಡಾರ್–ಉರುಗ್ವೆ 2–2. ಆಮೇಲೆ ಕೊಲಂಬಿಯಾವನ್ನು ವೆನೆಜುವೆಲಾ 0–0ಯಲ್ಲಿ ಹಿಡಿದಿಟ್ಟಿತು, ಬ್ರೆಜಿಲನ್ನು ಕೊಲಂಬಿಯಾ 0–0ಯಲ್ಲಿ ಹಿಡಿದಿಟ್ಟಿತು. ಖಂಡದ ಬಲಾಬಲ ಬದಲಾಗಿದೆ ಅನ್ನುವುದಕ್ಕೆ ನನ್ನ ಮಟ್ಟಿಗೆ ಫೈನಲ್‌ಗಿಂತ ಇದೇ ಗಟ್ಟಿ ಸಾಕ್ಷಿ.

ಧಾರವಾಡ ಡಿಫೆಂಡರ್

ಅಂಕಪಟ್ಟಿಯವರೇ, ಲೆಕ್ಕ ಬರೋಬರಿ ಅದ, ಆದರ ಅರ್ಥ ಮಾಡೂದ್ರಾಗ ಸ್ವಲ್ಪ ಅವಸರ ಆತು. ಆರು ಗೋಲಿನ್ಯಾಗ ನಾಲ್ಕು ಒಂದೇ ಪಂದ್ಯದಾಗ ಬಂದಾವ. ಆ ನಾಲ್ಕರಾಗ ಒಂದು ಉಡುಗೊರೆ ಗೋಲು (ತಮ್ಮ ಬಲೆಗೆ ತಾವ ಹಾಕಿಕೊಂಡಿದ್ದು), ಒಂದು ನೇರ ಫ್ರೀ ಕಿಕ್. ಉಳಿದ ಐದು ಪಂದ್ಯದಾಗ ಬ್ರೆಜಿಲ್ ಕೊಟ್ಟಿದ್ದು ಎರಡೇ ಎರಡು. ಇದನ್ನ ನೋಡಿ ಹಿಂದಿನ ಸಾಲು ಸೋರಾಕತ್ತೇತಿ ಅಂತ ಹ್ಯಾಂಗ ಹೇಳೂದು?

ಇನ್ನೊಂದು ಮಾತು. 2022ರಾಗ ತರಬೇತುದಾರರು ಪಿಯಾ ಸುಂಡ್‌ಹಾಗೆ, 2025ರಾಗ ಆರ್ತುರ್ ಎಲಿಯಾಸ್. ಎಲಿಯಾಸ್ ಅವರ ಪದ್ಧತಿನೇ ಬ್ಯಾರೆ. ಎದುರಾಳಿ ಅರ್ಧದಾಗನ ಚೆಂಡು ಕಸಗೋಬೇಕು, ಅದಕ್ಕ ಡಿಫೆಂಡರ್‌ಗಳು ಮಧ್ಯಗೆರೆ ತನಕ ಮುಂದ ಬರಬೇಕು. ಬೊಲಿವಿಯಾದಂಥ ತಂಡದ ಮ್ಯಾಲೆ ಇದರಿಂದ ಆರು ಗೋಲು ಬರ್ತಾವ. ಕೊಲಂಬಿಯಾದ ಲಿಂಡಾ ಕೈಸೇಡೊ, ಮೈರಾ ರಮೀರೆಸ್ ಅವರಂಥ ಓಟಗಾರ್ತಿಯರು ಎದುರಿಗಿದ್ರ ಬೆನ್ನ ಹಿಂದ 40 ಮೀಟರ್ ಖಾಲಿ ಬಯಲು ಬಿಟ್ಟಂಗ. ಅದು ಗೊತ್ತಿದ್ದೇ ತಗೊಂಡ ಅಪಾಯ.

ಬಲೆ ಕಾಯುವವ

ಫೈನಲ್‌ನ ಎಂಟು ಗೋಲುಗಳನ್ನು ಒಂದೊಂದಾಗಿ ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯ ಇದೆ ಅನ್ನಿಸುತ್ತದೆ.

25ನೇ ನಿಮಿಷ, ಲಿಂಡಾ ಕೈಸೇಡೊ, 1–0 (ಇಲ್ಲೆಲ್ಲ ಮೊದಲ ಅಂಕಿ ಕೊಲಂಬಿಯಾದ್ದು). ಮೊದಲಾರ್ಧಕ್ಕೆ ಸೇರಿಸಿದ ಸಮಯದ 9ನೇ ನಿಮಿಷದಲ್ಲಿ ಬ್ರೆಜಿಲ್‌ನ ಆಂಜೆಲಿನಾ ಪೆನಾಲ್ಟಿಯಿಂದ 1–1. ಆ ಪೆನಾಲ್ಟಿ ಸಿಕ್ಕಿದ್ದು ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಪರಿಶೀಲನೆಯಿಂದ.

69ನೇ ನಿಮಿಷ, ಬ್ರೆಜಿಲ್ ಡಿಫೆಂಡರ್ ತಾರ್ಸಿಯಾನೆ ಅವರ ಉಡುಗೊರೆ ಗೋಲು, 2–1. ಇದನ್ನು ಬರೀ ದುರದೃಷ್ಟ ಅಂತ ತಳ್ಳಿಹಾಕಬಾರದು. ಹಿಂದಕ್ಕೆ ಪಾಸ್ ಕೊಡುವಾಗ ಗೋಲ್‌ಕೀಪರ್ ಎಲ್ಲಿದ್ದಾರೆ ಅಂತ ನೋಡದೆ ಕೊಟ್ಟರೆ, ಕೀಪರ್ ಅದೇ ಹೊತ್ತಿಗೆ ಮುಂದೆ ಬಂದಿದ್ದರೆ, ಚೆಂಡು ಅವರನ್ನು ದಾಟಿ ಹೋಗುತ್ತದೆ. ಎಳೆಯ ಡಿಫೆಂಡರ್‌ಗಳಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅದಕ್ಕೇ ಇದೆ: ಹಿಂದಕ್ಕೆ ಕೊಡುವ ಪಾಸ್ ಎರಡು ಕಂಬಗಳ ನಡುವೆ ಬೇಡ, ಕಂಬದ ಹೊರಗಿನ ದಿಕ್ಕಿಗೆ ಕೊಡಬೇಕು. ತಪ್ಪಿದರೆ ಕಾರ್ನರ್ ಆಗುತ್ತದೆ, ಗೋಲಾಗುವುದಿಲ್ಲ. ಆದರೆ ಡಿಫೆಂಡರ್‌ಗಳು ಅಷ್ಟು ಮುಂದೆ ನಿಂತಾಗ ಕೀಪರ್ ಕೂಡ ಗೆರೆ ಬಿಟ್ಟು ಹೊರಗೆ ನಿಲ್ಲಲೇಬೇಕು. ಹಾಗಾಗಿ ಧಾರವಾಡದವರು ಹೇಳಿದ ಅಪಾಯಕ್ಕೂ ಈ ಗೋಲಿಗೂ ಸಂಬಂಧ ಇದೆ.

80ನೇ ನಿಮಿಷ, ಅಮಾಂಡಾ ಗುಟಿಯೆರ್ರೆಸ್, 2–2. 88ನೇ ನಿಮಿಷ, ಮೈರಾ ರಮೀರೆಸ್, 3–2. ಸೇರಿಸಿದ ಸಮಯದ 6ನೇ ನಿಮಿಷ, ಬದಲಿಯಾಗಿ ಬಂದಿದ್ದ 39 ವರ್ಷದ ಮಾರ್ತಾ ಪೆನಾಲ್ಟಿ ಆವರಣದ ಹೊರಗಿಂದ ಬಾರಿಸಿ 3–3. ಹೆಚ್ಚುವರಿ ಸಮಯದಲ್ಲಿ 105ನೇ ನಿಮಿಷ ಮತ್ತೆ ಮಾರ್ತಾ, 3–4. ಇಡೀ ಪಂದ್ಯದಲ್ಲಿ ಬ್ರೆಜಿಲ್ ಮುಂದಿದ್ದದ್ದು ಆ ಹತ್ತು ನಿಮಿಷ ಮಾತ್ರ. 115ನೇ ನಿಮಿಷ ಲೇಸಿ ಸಾಂತೋಸ್ ಫ್ರೀ ಕಿಕ್, 4–4.

ಶೂಟೌಟ್ ಏಳು ಸುತ್ತು ನಡೆಯಿತು. ಬ್ರೆಜಿಲ್ ಪರ ಆಂಜೆಲಿನಾ, ಮಾರ್ತಾ ತಪ್ಪಿಸಿದರು. ಕೊಲಂಬಿಯಾ ಪರ ಮನುಯೇಲಾ ಪಾವಿ, ಲೇಸಿ ಸಾಂತೋಸ್, ಜೋರೆಲಿನ್ ಕರಬಾಲಿ. ಮಾರ್ತಾ ಅವರ ಒದೆತ ಬಲೆ ಸೇರಿದ್ದರೆ ಅಲ್ಲೇ ಮುಗಿಯುತ್ತಿತ್ತು, ಕೊಲಂಬಿಯಾ ಕೀಪರ್ ಕ್ಯಾಟೆರಿನ್ ತಾಪಿಯಾ ಅದನ್ನು ತಡೆದರು. ಕೊನೆಯಲ್ಲಿ ಕರಬಾಲಿ ಒದ್ದದ್ದನ್ನು ಬ್ರೆಜಿಲ್ ಕೀಪರ್ ಲೊರೇನಾ ತಡೆದರು.

ಕಡಲತಡಿ

ವಿಎಆರ್ ವಿಷಯ ಬಂತಲ್ಲ, ಒಂದು ಹೇಳಲೇಬೇಕು ಮಾರಾಯ್ರೆ. 2025ರ ಗುಂಪು ಹಂತದಲ್ಲಿ ವಿಎಆರ್ ಇರಲೇ ಇಲ್ಲ, ಶುರುವಾದದ್ದು ಸೆಮಿಫೈನಲ್‌ನಿಂದ. ಫೈನಲ್‌ನ ಆ ಮೊದಲ ಪೆನಾಲ್ಟಿಯಂಥ ಘಟನೆ ಗುಂಪು ಹಂತದಲ್ಲಿ ಆಗಿದ್ದರೆ ರೆಫರಿ ಕಣ್ಣಿಗೆ ಬೀಳದೆ ಆಟ ಮುಂದುವರಿಯುತ್ತಿತ್ತು. ಒಂದೇ ಟೂರ್ನಿಯಲ್ಲಿ ಎರಡು ಅಳತೆಗೋಲು ಇಟ್ಟ ಹಾಗೆ ಆಯಿತು.

ಗುಂಪಿನಲ್ಲಿ ಒಂದು ತಂಡಕ್ಕೆ ನಾಲ್ಕೇ ಪಂದ್ಯ. ಒಂದು ತಪ್ಪು ಆಫ್‌ಸೈಡ್, ಒಂದು ಕೊಡದ ಪೆನಾಲ್ಟಿ ಅಂದರೆ ಎರಡು ಅಂಕ ಹೋಯಿತು. ಎರಡನೇ ಸ್ಥಾನಕ್ಕೂ ಮೂರನೇ ಸ್ಥಾನಕ್ಕೂ ನಡುವೆ ಇರುವುದೇ ಅಷ್ಟು. ಸೆಮಿಫೈನಲ್ ಆಡುವ ಅವಕಾಶವನ್ನೇ ಅದು ಕಸಿದುಕೊಳ್ಳುತ್ತದೆ. ತಂತ್ರಜ್ಞಾನ ಇಡಲು ಆಗುವುದಿದ್ದರೆ ಮೊದಲ ದಿನದಿಂದಲೇ ಇಡಬೇಕು.

ಹೊಸ ಪ್ರೇಕ್ಷಕಿ

ಎರಡು ಪ್ರಶ್ನೆ. ಒಂದು, ಅರ್ಜೆಂಟೀನಾ–ಕೊಲಂಬಿಯಾ ಸೆಮಿಫೈನಲ್ 0–0 ಆದಮೇಲೆ ನೇರವಾಗಿ ಪೆನಾಲ್ಟಿಗೆ ಹೋಯಿತು. ಫೈನಲ್‌ನಲ್ಲಿ ಮಾತ್ರ 30 ನಿಮಿಷ ಹೆಚ್ಚುವರಿ ಆಟ. ಯಾಕೆ ಹೀಗೆ? ಎರಡು, ಗುಂಪಿನಲ್ಲಿ ಅಂಕ ಸಮ ಬಂದರೆ ಯಾರು ಮೇಲೆ?

ತುಂಗಾತೀರ

ಮೊದಲನೆಯದಕ್ಕೆ ಉತ್ತರ ವೇಳಾಪಟ್ಟಿಯಲ್ಲಿದೆ. 10 ತಂಡ, ಐದೈದರ ಎರಡು ಗುಂಪು. ಪ್ರತಿ ಗುಂಪಿನಲ್ಲಿ 10 ಪಂದ್ಯ, ಒಟ್ಟು 20. ಆಮೇಲೆ ಎರಡು ಸೆಮಿ, ಐದನೇ ಸ್ಥಾನದ ಪಂದ್ಯ, ಮೂರನೇ ಸ್ಥಾನದ ಪಂದ್ಯ, ಫೈನಲ್. ಎಲ್ಲ ಸೇರಿ 25. ಇದೆಲ್ಲ ಜುಲೈ 11ರಿಂದ ಆಗಸ್ಟ್ 2ರೊಳಗೆ ಮುಗಿಯಬೇಕು. ಹಾಗಾಗಿ ಫೈನಲ್ ಬಿಟ್ಟು ಉಳಿದ ನಾಕೌಟ್ ಪಂದ್ಯಗಳಲ್ಲಿ 90 ನಿಮಿಷ ಆದ ಕೂಡಲೇ ಪೆನಾಲ್ಟಿ.

ಐದು ತಂಡದ ಗುಂಪಿನ ದೊಡ್ಡ ತೊಡಕು ಏನೆಂದರೆ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕೂರಬೇಕು. ಆ ಬಿಡುವು ಯಾವ ಸುತ್ತಿನಲ್ಲಿ ಬರುತ್ತದೆ ಅನ್ನುವುದರ ಮೇಲೆ ಬಹಳ ನಿಂತಿದೆ. 2025ರಲ್ಲಿ ಬ್ರೆಜಿಲ್ ಆಡಿದ ದಿನಗಳು ಜುಲೈ 13, 16, 22, 25. ನಡುವೆ ಆರು ದಿನದ ಅಂತರ ಸಿಕ್ಕಿತು. ಕೊಲಂಬಿಯಾಕ್ಕೆ ಬಿಡುವು ಬಂದದ್ದು ಮೊದಲ ಸುತ್ತಿನಲ್ಲಿ, ಯಾರಿಗೂ ದಣಿವೇ ಇಲ್ಲದಾಗ. ಆಮೇಲೆ 16, 19, 22, 25, ಮತ್ತೆ 28ಕ್ಕೆ ಸೆಮಿ. ಮೂರು ದಿನಕ್ಕೊಂದರಂತೆ ಸತತ ಐದು ಪಂದ್ಯ, ಅದೂ 2,850 ಮೀಟರ್ ಎತ್ತರದಲ್ಲಿ. 13 ದಿನದಲ್ಲಿ ಐದು ಪಂದ್ಯ ಆಡಿದ ತಂಡ ಆ ಐದರಲ್ಲಿ ಮೂರನ್ನು 0–0ಯಲ್ಲಿ ಮುಗಿಸಿದರೆ ಅದಕ್ಕೆ ತಂತ್ರದ ಜೊತೆಗೆ ಕಾಲಿನ ದಣಿವೂ ಕಾರಣ ಇರಬೇಕು.

ಹಾಗಂತ ಬ್ರೆಜಿಲ್‌ಗೆ ಎಲ್ಲವೂ ಅನುಕೂಲ ಆಗಿರಲಿಲ್ಲ. ಅವರ ಸೆಮಿ 29ಕ್ಕೆ, ಕೊಲಂಬಿಯಾಗಿಂತ ಒಂದು ದಿನ ತಡ. ಫೈನಲ್‌ಗೆ ಮುಂಚೆ ಕೊಲಂಬಿಯಾಕ್ಕೆ ನಾಲ್ಕು ಪೂರ್ತಿ ದಿನ ಸಿಕ್ಕಿತು, ಬ್ರೆಜಿಲ್‌ಗೆ ಮೂರು.

ಅಂಕ ಸಮವಾದರೆ: ಮೊದಲು ಗೋಲ್ ವ್ಯತ್ಯಾಸ, ಆಮೇಲೆ ಹೊಡೆದ ಒಟ್ಟು ಗೋಲು, ಆಮೇಲೆ ಪರಸ್ಪರ ಆಡಿದ ಪಂದ್ಯದ ಫಲಿತಾಂಶ, ಅದೂ ಸಮವಾದರೆ ಕಡಿಮೆ ಕೆಂಪು ಕಾರ್ಡ್, ಕಡಿಮೆ ಹಳದಿ ಕಾರ್ಡ್, ಕೊನೆಗೆ ಚೀಟಿ ಎತ್ತುವುದು. ಯುರೋಪಿನ ಟೂರ್ನಿ ನೋಡಿ ರೂಢಿಯಾದವರು ಇಲ್ಲಿ ಎಡವುತ್ತಾರೆ, ಅಲ್ಲಿ ಪರಸ್ಪರ ಪಂದ್ಯದ ಲೆಕ್ಕ ಮೊದಲು ಬರುತ್ತದೆ. ಗೋಲ್ ವ್ಯತ್ಯಾಸ ಮೊದಲಾದ್ದರಿಂದ ಕೊಲಂಬಿಯಾ ಬೊಲಿವಿಯಾ ಮೇಲೆ 8 ಹೊಡೆಯುವ ತನಕ ನಿಲ್ಲಿಸಲಿಲ್ಲ. ಅದು ಎದುರಾಳಿಗೆ ತೋರಿದ ಅಗೌರವ ಅಲ್ಲ, ನಿಯಮವೇ ಹಾಗೆ ಆಡಿಸುತ್ತದೆ.

ಅಂಕಪಟ್ಟಿ

ತುಂಗಾತೀರ ಅವರ ಮಾತಿಗೆ ಒಂದು ಸಾಲು ಸೇರಿಸುತ್ತೇನೆ. 2025ರಲ್ಲಿ ಕೊಲಂಬಿಯಾ ಆಟದ ಸಮಯದಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಎರಡು ಗೆಲುವು, ನಾಲ್ಕು ಡ್ರಾ. ಅರ್ಜೆಂಟೀನಾ ಕೂಡ ಸೋಲಲಿಲ್ಲ: ಗುಂಪಿನಲ್ಲಿ ನಾಲ್ಕಕ್ಕೆ ನಾಲ್ಕು ಗೆದ್ದು 12 ಅಂಕ, ಸೆಮಿಯಲ್ಲಿ ಕೊಲಂಬಿಯಾ ಎದುರು 0–0, ಪೆನಾಲ್ಟಿಯಲ್ಲಿ 4–5. ಮೂರನೇ ಸ್ಥಾನಕ್ಕೆ ಉರುಗ್ವೆ ಎದುರು 2–2, ಅಲ್ಲಿ ಪೆನಾಲ್ಟಿಯಲ್ಲಿ ಗೆಲುವು. ಅಂದರೆ ಮೊದಲ ಮೂರು ಸ್ಥಾನದ ತಂಡಗಳೂ ಅಜೇಯ. ಮೂವರ ನಡುವಿನ ಅಂತರ ಬರೆದದ್ದು ಪೆನಾಲ್ಟಿ ಚುಕ್ಕೆ.

ಧಾರವಾಡ ಡಿಫೆಂಡರ್

ಈ ಮಾತು ಒಪ್ಪಿದೆ. ನನ್ನ ವಾದ ಸ್ವಲ್ಪ ಸಡಿಲ ಮಾಡ್ತೀನಿ. ಆದರ ಕೊಲಂಬಿಯಾದ 16 ಗೋಲಿನ ಲೆಕ್ಕ ನೋಡ್ರಿ: ಬೊಲಿವಿಯಾ ಮ್ಯಾಲೆ 8, ಪರಾಗ್ವೆ ಮ್ಯಾಲೆ 4, ಫೈನಲ್‌ದಾಗ 4. ಉಳಿದ ಮೂರು ಪಂದ್ಯದಾಗ ಸೊನ್ನಿ. ಎದುರಿನವರು ಹಿಂದ ಸರದು ಗಟ್ಟಿಯಾಗಿ ನಿಂತ್ರ ಅವರಿಗೆ ದಾರಿ ಸಿಗಂಗಿಲ್ಲ. ವೆನೆಜುವೆಲಾ ಮಾಡಿದ್ದು ಅದನ್ನ. ಗುಂಪಿನ ಪಂದ್ಯದಾಗ ಲೊರೇನಾ ಕೆಂಪು ಕಾರ್ಡ್ ತಗೊಂಡು ಮೊದಲಾರ್ಧದಾಗನ ಹೊರಗ ಹೋದ ಮ್ಯಾಲೆ ಬ್ರೆಜಿಲ್ 10 ಮಂದಿ ಇಟಗೊಂಡು ಅದನ್ನ ಮಾಡಿತು. ಅಷ್ಟೊತ್ತು ಒಬ್ಬಾಕಿ ಕಡಿಮಿ ಇದ್ದ ತಂಡದ ಮ್ಯಾಲೆ ಒಂದು ಗೋಲು ಬರಲಿಲ್ಲ ಅಂದ್ರ ಅದು ಕೊಲಂಬಿಯಾದ ನಿಜವಾದ ಕೊರತೆ. ಫೈನಲ್‌ದಾಗ ಬ್ರೆಜಿಲ್ ತಾನಾಗೇ ಮುಂದ ಬಂದಿದ್ದಕ್ಕ ಬಯಲು ಸಿಕ್ತು, ಗೋಲೂ ಬಂದುವು.

ಬಲೆ ಕಾಯುವವ

ಎತ್ತರದ ಬಗ್ಗೆ ತುಂಗಾತೀರ ಒಂದೇ ಮಾತು ಹೇಳಿ ಮುಂದೆ ಹೋದರು, ಗೋಲ್‌ಕೀಪಿಂಗ್ ದೃಷ್ಟಿಯಿಂದ ಅದನ್ನು ಸ್ವಲ್ಪ ಬಿಡಿಸಬೇಕು.

ಕ್ವಿಟೊದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆ. ಅದರಿಂದ ಚೆಂಡಿನ ಮೇಲೆ ಎರಡು ಪರಿಣಾಮ. ಗಾಳಿಯ ತಡೆ ಕಡಿಮೆಯಾಗಿ ದೂರದ ಹೊಡೆತ ವೇಗ ಕಳೆದುಕೊಳ್ಳದೆ ಬರುತ್ತದೆ. ತಿರುಗುವ ಚೆಂಡನ್ನು ಬಾಗಿಸುವ ಬಲವೂ ಕಡಿಮೆಯಾದ್ದರಿಂದ ಬಾಳೆಕಾಯಿಯಂತೆ ಬಾಗಬೇಕಾದ ಫ್ರೀ ಕಿಕ್ ಅಷ್ಟು ಬಾಗುವುದಿಲ್ಲ, ಕೆಳಗಿಳಿಯಬೇಕಾದದ್ದು ಅಷ್ಟು ಇಳಿಯುವುದಿಲ್ಲ. ಕೆಳನಾಡಿನಲ್ಲಿ ಅಭ್ಯಾಸ ಮಾಡಿದವರು ಒದ್ದ ಚೆಂಡು ಮೊದಲೆರಡು ದಿನ ಅಡ್ಡಕಂಬಿ ದಾಟಿ ಹೋಗುತ್ತಲೇ ಇರುತ್ತದೆ. ಕೀಪರ್‌ಗೆ ತೊಂದರೆ ಬೇರೆ ಥರದ್ದು: ಚೆಂಡು ಇಂಥ ಹೊತ್ತಿಗೆ ಬರುತ್ತದೆ ಅಂತ ಕಣ್ಣು ಲೆಕ್ಕ ಹಾಕಿದ್ದಕ್ಕಿಂತ ಒಂದಿಷ್ಟು ಮುಂಚೆ ಬಂದುಬಿಡುತ್ತದೆ. ಗೋಲ್ ಕಿಕ್ ಅಳತೆಯೂ ತಪ್ಪುತ್ತದೆ, ಸಹ ಆಟಗಾರ್ತಿಯ ತಲೆಯ ಮೇಲಿಂದ ಹಾರಿ ನೇರ ಎದುರಾಳಿ ಕೀಪರ್ ಕೈಗೆ ಹೋಗುತ್ತದೆ.

ದೇಹಕ್ಕೆ ಬರುವ ತೊಡಕು ಎಲ್ಲರಿಗೂ ಗೊತ್ತು: ಒಂದು ವೇಗದ ಓಟ ಆದಮೇಲೆ ಉಸಿರು ಹಿಡಿತಕ್ಕೆ ಬರಲು ಹೆಚ್ಚು ಹೊತ್ತು ಬೇಕು. 2025ರಲ್ಲಿ ಎಲ್ಲ ಪಂದ್ಯವೂ ಒಂದೇ ಊರಿನಲ್ಲಿ ನಡೆದದ್ದು ಈ ಲೆಕ್ಕದಲ್ಲಿ ಒಳ್ಳೆಯದಾಯಿತು. ಮೂರು ವಾರ ಅಲ್ಲೇ ಉಳಿದ ತಂಡಗಳ ಮೈ ಕೊನೆಯ ಹೊತ್ತಿಗೆ ಒಗ್ಗಿತ್ತು. ಎತ್ತರ ಒಂದೇ ಸಾಲದು ಅನ್ನುವುದಕ್ಕೆ ಬೊಲಿವಿಯಾ ಸಾಕ್ಷಿ. ಅವರ ಲಾ ಪಾಸ್ ನಗರ ಕ್ವಿಟೊಗಿಂತಲೂ ಮೇಲಿದೆ, ಆದರೂ ಬ್ರೆಜಿಲ್ ಎದುರು 0–6, ಕೊಲಂಬಿಯಾ ಎದುರು 0–8.

ಕಡಲತಡಿ

ವಾರ್ಮ್ ಅಪ್ ವಿಷಯ ಯಾರೂ ಎತ್ತಲಿಲ್ಲ. ಗುಂಪು ಹಂತದಲ್ಲಿ ಹುಲ್ಲು ಹಾಳಾಗಬಾರದೆಂದು ತಂಡಗಳಿಗೆ ಪಂದ್ಯಕ್ಕೆ ಮುಂಚೆ ಮೈದಾನದಲ್ಲಿ ಮೈ ಬಿಸಿ ಮಾಡಲು ಬಿಡಲಿಲ್ಲ. ಬ್ರೆಜಿಲ್–ಬೊಲಿವಿಯಾ ಪಂದ್ಯದ ದಿನ ಎರಡೂ ತಂಡಗಳು ಕ್ರೀಡಾಂಗಣದೊಳಗಿನ ಒಂದು ಇಕ್ಕಟ್ಟಾದ, ಬಣ್ಣದ ವಾಸನೆ ಹೊಡೆಯುವ ಜಾಗದಲ್ಲಿ ಒತ್ತೊತ್ತಾಗಿ ತಯಾರಾಗಬೇಕಾಯಿತು. ಬ್ರೆಜಿಲ್ ಆಟಗಾರ್ತಿಯರು ಅದನ್ನು ಬಹಿರಂಗವಾಗಿ ಟೀಕಿಸಿದರು, ಮಾರ್ತಾ ಕೂಡ ದನಿಗೂಡಿಸಿದರು. ಆಮೇಲೆ ಮೈದಾನದಲ್ಲಿ 15 ನಿಮಿಷದ ಅವಕಾಶ ಸಿಕ್ಕಿತು.

ಇದು ಸೌಕರ್ಯದ ಪ್ರಶ್ನೆ ಅಲ್ಲ, ಮಂಡಿಯ ಪ್ರಶ್ನೆ. ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಗಂಡಸರಿಗಿಂತ ಮಹಿಳಾ ಆಟಗಾರರಲ್ಲಿ ಹಲವು ಪಟ್ಟು ಹೆಚ್ಚು, ಹರಿದರೆ ಒಂಬತ್ತು ತಿಂಗಳಿಂದ ಒಂದು ವರ್ಷ ಆಟ ಇಲ್ಲ. ಅದನ್ನು ತಪ್ಪಿಸುವ ವಾರ್ಮ್ ಅಪ್ ಕ್ರಮ ಸುಮಾರು 20 ನಿಮಿಷದ್ದು: ನಿಧಾನ ಓಟ, ಆಮೇಲೆ ಬಲ, ಸಮತೋಲನ, ಜಿಗಿತದ ಅಭ್ಯಾಸ, ಕೊನೆಗೆ ದಿಕ್ಕು ಬದಲಿಸುವ ವೇಗದ ಓಟ. ಈ ಕೊನೆಯ ಭಾಗಕ್ಕೆ ಉದ್ದದ ಜಾಗ ಬೇಕೇ ಬೇಕು, ಅದೂ ಬೂಟಿನ ಮೊಳೆ ಕಚ್ಚುವ ಹುಲ್ಲಿನ ಮೇಲೆ. ಹತ್ತು ಮೀಟರ್ ಸಿಮೆಂಟ್ ನೆಲದಲ್ಲಿ ಅದು ಆಗುವ ಕೆಲಸ ಅಲ್ಲ. ಖಂಡದ ಅತಿ ದೊಡ್ಡ ಮಹಿಳಾ ಟೂರ್ನಿಯಲ್ಲಿ ಇಷ್ಟನ್ನು ಕೇಳಿ ಪಡೆಯಬೇಕಾಯಿತು ಅನ್ನುವುದು ಬಹಳ ಬೇಸರದ ಸಂಗತಿ.

ಮುಂಜಾನೆ ಎರಡೂವರೆ

ಇತಿಹಾಸದ ಕಡೆಗೂ ಒಮ್ಮೆ ನೋಡೋಣ. 1991ರಲ್ಲಿ ಬ್ರೆಜಿಲ್‌ನ ಮರಿಂಗಾದಲ್ಲಿ ಮೊದಲ ಟೂರ್ನಿ ನಡೆದಾಗ ಬಂದದ್ದು ಮೂರೇ ತಂಡ: ಬ್ರೆಜಿಲ್, ಚಿಲಿ, ವೆನೆಜುವೆಲಾ. 1995ರಲ್ಲಿ ಐದು. ಹತ್ತೂ ದೇಶಗಳು ಮೊದಲ ಸಲ ಸೇರಿದ್ದು 1998ರಲ್ಲಿ, ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ, ಆಗ ಫೈನಲ್‌ನಲ್ಲಿ ಬ್ರೆಜಿಲ್ 7–1ರಿಂದ ಅರ್ಜೆಂಟೀನಾವನ್ನು ಸೋಲಿಸಿತು. 2006ರ ಫೈನಲ್‌ನಲ್ಲಿ ಅದೇ ಊರಲ್ಲಿ ಅರ್ಜೆಂಟೀನಾ 2–0ಯಿಂದ ಲೆಕ್ಕ ಚುಕ್ತಾ ಮಾಡಿತು.

ಅಂಕಪಟ್ಟಿ

ಒಂದು ಸಣ್ಣ ತಿದ್ದುಪಡಿ. 2006ರಲ್ಲಿ ಫೈನಲ್ ಅಂತ ಇರಲಿಲ್ಲ. ಗುಂಪಿನಿಂದ ಮೇಲೆ ಬಂದ ನಾಲ್ಕು ತಂಡಗಳು ಅಂತಿಮ ಸುತ್ತಿನಲ್ಲಿ ಎಲ್ಲರೊಡನೆ ಎಲ್ಲರೂ ಆಡಿದವು, ಹೆಚ್ಚು ಅಂಕದವರು ಚಾಂಪಿಯನ್. ಆ ಸುತ್ತಿನ ಕೊನೆಯ ದಿನ ಅರ್ಜೆಂಟೀನಾ–ಬ್ರೆಜಿಲ್ ಪಂದ್ಯ ಬಿದ್ದದ್ದರಿಂದ ಅದೇ ಫೈನಲ್‌ನಂತೆ ಆಯಿತು. ಏವಾ ಗೊನ್ಸಾಲೆಸ್, ಮರಿಯಾ ಬೆಲೆನ್ ಪೊಟಾಸಾ ಅವರ ಗೋಲುಗಳು. 2018ರವರೆಗೂ ಇದೇ ಪದ್ಧತಿ, 2022ರಲ್ಲಿ ಸೆಮಿಫೈನಲ್ ಮತ್ತು ಫೈನಲ್ ಮತ್ತೆ ಬಂದವು.

ಈ ಬದಲಾವಣೆಗೂ ನಮ್ಮ ಚರ್ಚೆಗೂ ಸಂಬಂಧ ಇದೆ. ಅಂತಿಮ ಸುತ್ತಿನ ಮೂರು ಪಂದ್ಯದಲ್ಲಿ ಒಂದು ಡ್ರಾ ಆದರೂ ಬಲಿಷ್ಠ ತಂಡ ಉಳಿದೆರಡರಲ್ಲಿ ಸರಿಪಡಿಸಿಕೊಳ್ಳುತ್ತಿತ್ತು. 2014ರಲ್ಲಿ ಬ್ರೆಜಿಲ್–ಕೊಲಂಬಿಯಾ 0–0 ಆಗಿತ್ತು, ಆದರೂ ಪ್ರಶಸ್ತಿ ಬ್ರೆಜಿಲ್‌ಗೆ. ನಾಕೌಟ್‌ನಲ್ಲಿ ಆ ರಕ್ಷೆ ಇಲ್ಲ. ಒಂದು ದಿನ ಚೆನ್ನಾಗಿ ಆಡಿದ ತಂಡಕ್ಕೂ ಬಾಗಿಲು ತೆರೆದಿರುತ್ತದೆ.

ಮುಂಜಾನೆ ಎರಡೂವರೆ

ತಿದ್ದಿದ್ದಕ್ಕೆ ಧನ್ಯವಾದ. ಹಾಗಾದರೆ ಕೊಲಂಬಿಯಾ 2010, 2014, 2022, 2025, ನಾಲ್ಕು ಸಲ ಎರಡನೇ ಸ್ಥಾನ. 2010ರಲ್ಲಿ ಬ್ರೆಜಿಲ್ ಎದುರು 0–5, 2022ರ ಫೈನಲ್‌ನಲ್ಲಿ ಡೆಬಿನ್ಯಾ ಅವರ ಪೆನಾಲ್ಟಿಯಿಂದ 0–1, 2025ರಲ್ಲಿ 4–4. ಈ ಏರಿಕೆಗೆ ಕಾರಣ ಏನು?

ತುಂಗಾತೀರ

ಆಡಿದ ಪಂದ್ಯಗಳ ಸಂಖ್ಯೆ. ಬೇರೆ ಗುಟ್ಟೇನಿಲ್ಲ.

ಕೊಲಂಬಿಯಾದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಶುರುವಾದದ್ದು 2017ರಲ್ಲಿ. ಮರುವರ್ಷವೇ ಅಲ್ಲಿನ ಅಟ್ಲೆಟಿಕೊ ಉಯಿಲಾ ಕ್ಲಬ್ ಮಹಿಳೆಯರ ಕೋಪಾ ಲಿಬರ್ತಡೋರೆಸ್ (ಖಂಡದ ಕ್ಲಬ್‌ಗಳ ಚಾಂಪಿಯನ್‌ಷಿಪ್) ಗೆದ್ದಿತು. ಲಿಂಡಾ ಕೈಸೇಡೊ 2019ರಲ್ಲಿ, 14ನೇ ವಯಸ್ಸಿಗೇ ಆ ಲೀಗ್‌ನಲ್ಲಿ ಆಡಿದರು. 2022ರ ಕೋಪಾದಲ್ಲಿ 17ರ ಹುಡುಗಿ ಟೂರ್ನಿಯ ಅತ್ಯುತ್ತಮ ಆಟಗಾರ್ತಿ. ಈಗ ರಿಯಲ್ ಮ್ಯಾಡ್ರಿಡ್‌ನಲ್ಲಿದ್ದಾರೆ. ಲೀಗ್ ಇಲ್ಲದಿದ್ದರೆ ಆ ವಯಸ್ಸಿನಲ್ಲಿ ದೊಡ್ಡವರ ಜೊತೆ ವಾರ ವಾರ ಆಡುವ ಅವಕಾಶ ಎಲ್ಲಿಂದ ಬರುತ್ತಿತ್ತು? ಅಲ್ಲಿನ ಲೀಗ್ ಈಗಲೂ ವರ್ಷದಲ್ಲಿ ಕೆಲವೇ ತಿಂಗಳು ನಡೆಯುತ್ತದೆ, ಆಟಗಾರ್ತಿಯರ ಮುಖ್ಯ ದೂರು ಅದೇ.

ಅರ್ಜೆಂಟೀನಾ ನೋಡಿ. 2015ರ ನಂತರ ಸುಮಾರು ಎರಡು ವರ್ಷ ರಾಷ್ಟ್ರೀಯ ತಂಡ ಆಡಲೇ ಇಲ್ಲ, ಫಿಫಾ ರ್‍ಯಾಂಕಿಂಗ್ ಪಟ್ಟಿಯಿಂದಲೇ ಹೆಸರು ಹೋಯಿತು. 2018ರ ಕೋಪಾದಲ್ಲಿ ತಂಡದ ಫೋಟೊಗೆ ನಿಂತಾಗ ಆಟಗಾರ್ತಿಯರು "ನಮ್ಮ ಮಾತು ಕೇಳಿ" ಎಂಬಂತೆ ಕಿವಿಯ ಹಿಂದೆ ಕೈ ಇಟ್ಟು ಪ್ರತಿಭಟಿಸಿದರು. 2019ರಲ್ಲಿ ಲೀಗ್‌ಗೆ ವೃತ್ತಿಪರ ಸ್ಥಾನ ಸಿಕ್ಕಿತು. ಅದೇ ವರ್ಷದಿಂದ ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕಾನ್ಮೆಬೋಲ್ ಕೂಡ ಪುರುಷರ ಲಿಬರ್ತಡೋರೆಸ್ ಆಡುವ ಕ್ಲಬ್‌ಗಳಿಗೆ ಮಹಿಳಾ ತಂಡ ಇರಲೇಬೇಕು ಅಂತ ಕಡ್ಡಾಯ ಮಾಡಿತು. 2025ರಲ್ಲಿ ಕಂಡದ್ದು ಆ ಆರು ವರ್ಷದ ಫಲ.

ಬ್ರೆಜಿಲ್‌ಗೆ ಇದೆಲ್ಲ ಸುಲಭವಾಗಿ ಬಂದಿತ್ತು ಅಂತಲೂ ತಿಳಿಯಬೇಡಿ. ಅಲ್ಲಿ 1941ರ ಸರ್ಕಾರಿ ಆದೇಶದಿಂದ ಹೆಂಗಸರು ಫುಟ್‌ಬಾಲ್ ಆಡುವುದಕ್ಕೇ ನಿಷೇಧ ಇತ್ತು, ತೆರವಾದದ್ದು 1979ರಲ್ಲಿ. ಅದಾಗಿ 12 ವರ್ಷಕ್ಕೆ ಮರಿಂಗಾದಲ್ಲಿ ಮೊದಲ ಪ್ರಶಸ್ತಿ.

ಹೊಸ ಪ್ರೇಕ್ಷಕಿ

ಗೆದ್ದರೆ ವಿಶ್ವಕಪ್‌ಗೆ ಹೋಗುತ್ತಾರೆ ಅಂತ ಕೇಳಿದ್ದೆ. 2025ರಲ್ಲಿ ಹಾಗೆ ಇರಲಿಲ್ಲವಂತೆ?

ಅಂಕಪಟ್ಟಿ

ಹೌದು, ಇದು ದೊಡ್ಡ ಬದಲಾವಣೆ. 1991ರಿಂದ 2022ರವರೆಗೆ ಕೋಪಾವೇ ವಿಶ್ವಕಪ್ ಅರ್ಹತಾ ಟೂರ್ನಿ. 2022ರಲ್ಲಿ ಮೊದಲ ಮೂವರು (ಬ್ರೆಜಿಲ್, ಕೊಲಂಬಿಯಾ, ಅರ್ಜೆಂಟೀನಾ) ನೇರ ವಿಶ್ವಕಪ್‌ಗೆ, ನಾಲ್ಕು ಮತ್ತು ಐದನೇ ಸ್ಥಾನದ ಪರಾಗ್ವೆ, ಚಿಲಿ ನ್ಯೂಜಿಲೆಂಡ್‌ನಲ್ಲಿ ನಡೆದ ಪ್ಲೇಆಫ್‌ಗೆ ಹೋದವು. ಐದನೇ ಸ್ಥಾನದ ಪಂದ್ಯಕ್ಕೂ ಆಗ ಅಷ್ಟು ಬೆಲೆ ಇದ್ದದ್ದು ಅದಕ್ಕೇ.

2025ರಲ್ಲಿ ಫೈನಲ್ ತಲುಪಿದ ಇಬ್ಬರಿಗೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಸ್ಥಾನ. ಅಂದರೆ ಕೊಲಂಬಿಯಾದ ಅತಿ ಮುಖ್ಯ ಪಂದ್ಯ ಫೈನಲ್ ಆಗಿರಲಿಲ್ಲ, ಅರ್ಜೆಂಟೀನಾ ಎದುರಿನ ಸೆಮಿಫೈನಲ್ ಆಗಿತ್ತು. ಆ 0–0ಯ ಬಿಗಿ ನಿಮಗೆ ಈಗ ಅರ್ಥವಾಗಬಹುದು.

2027ರ ವಿಶ್ವಕಪ್ ಬ್ರೆಜಿಲ್‌ನಲ್ಲೇ ನಡೆಯುವುದರಿಂದ ಆತಿಥೇಯರಿಗೆ ಸ್ಥಾನ ಖಚಿತ. ಉಳಿದ ಒಂಬತ್ತು ದೇಶಗಳಿಗೆ ಕಾನ್ಮೆಬೋಲ್ 2025ರ ಅಕ್ಟೋಬರ್‌ನಿಂದ ನೇಷನ್ಸ್ ಲೀಗ್ ಶುರು ಮಾಡಿತು. ಪ್ರತಿ ತಂಡ ಉಳಿದ ಎಂಟು ತಂಡಗಳ ಜೊತೆ ಒಂದೊಂದು ಪಂದ್ಯ, ನಾಲ್ಕು ತವರಿನಲ್ಲಿ, ನಾಲ್ಕು ಹೊರಗೆ. ಮೊದಲ ಎರಡು ತಂಡ ನೇರ ವಿಶ್ವಕಪ್‌ಗೆ, ಮೂರು ಮತ್ತು ನಾಲ್ಕನೆಯವರು ಖಂಡಾಂತರ ಪ್ಲೇಆಫ್‌ಗೆ.

ಧಾರವಾಡ ಡಿಫೆಂಡರ್

ನನಗ ಕೇಳಿದ್ರ ಪ್ರಶಸ್ತಿಗಿಂತ ಈ ನೇಷನ್ಸ್ ಲೀಗ್ ದೊಡ್ಡದು. ಪೆರು, ಬೊಲಿವಿಯಾದಂಥ ತಂಡಗಳಿಗೆ ಮೊದಲು ಏನಿತ್ತು? ಮೂರು ನಾಲ್ಕು ವರ್ಷಕ್ಕೊಮ್ಮೆ ಕೋಪಾ, ಎರಡು ವಾರದಾಗ ನಾಲ್ಕು ಪಂದ್ಯ, ಸೋತು ಮನೀಗೆ. ಈಗ ಹಲವು ತಿಂಗಳು ಹಂಚಿಕೊಂಡು ಎಂಟು ಗಂಭೀರ ಪಂದ್ಯ, ಅದರಾಗ ನಾಲ್ಕು ತಮ್ಮ ಊರಾಗ, ತಮ್ಮ ಮಂದಿ ಮುಂದ. ತರಬೇತುದಾರರಿಗೂ ಒಂದು ಪಂದ್ಯದ ತಪ್ಪು ತಿದ್ದಿಕೊಂಡು ಮುಂದಿನದಕ್ಕ ಬರಾಕ ವಾರಗಟ್ಟಲೆ ಟೈಮ್ ಸಿಗ್ತದ. ಕೋಪಾದಾಗ ಮೂರನೇ ದಿನಕ್ಕ ಮತ್ತ ಮೈದಾನ, ತಿದ್ದೂದು ಯಾವಾಗ?

ಪರಾಗ್ವೆದ ಕ್ಲೌಡಿಯಾ ಮಾರ್ಟಿನೆಸ್ ನೋಡ್ರಿ. 17 ವರ್ಷದಾಕಿ, 2025ರಾಗ 6 ಗೋಲು ಹೊಡದು ಅಮಾಂಡಾ ಗುಟಿಯೆರ್ರೆಸ್ ಜೊತಿ ಅತಿ ಹೆಚ್ಚು ಗೋಲಿನ ಸಾಲಿನ್ಯಾಗ ನಿಂತಳು. ಸೆಮಿಫೈನಲ್ ಆಡದ ತಂಡದಾಕಿ! ಇಂಥ ಹುಡುಗಿಗೆ ಮುಂದಿನ ಪಂದ್ಯ ಎರಡು ತಿಂಗಳಿಗೆ ಅದನೋ, ಮೂರು ವರ್ಷಕ್ಕ ಅದನೋ ಅನ್ನೂದರ ಮ್ಯಾಲೆ ಆಕಿ ಏನಾಗ್ತಾಳ ಅನ್ನೂದು ನಿಂತಿರ್ತದ.

ಹೊಸ ಪ್ರೇಕ್ಷಕಿ

ಪಂದ್ಯದ ಸಮಯ ನೋಡಿಕೊಳ್ಳುವುದು ಹೇಗೆ? ಪ್ರತಿ ಸಲ ತಪ್ಪು ದಿನ ಎದ್ದು ಕೂರುವ ಹಾಗೆ ಆಗಬಾರದು.

ತುಂಗಾತೀರ

ಈಕ್ವೆಡಾರ್, ಕೊಲಂಬಿಯಾ, ಪೆರು ಸಮಯಕ್ಕೆ 10 ಗಂಟೆ 30 ನಿಮಿಷ ಸೇರಿಸಿ. ಬೊಲಿವಿಯಾ, ವೆನೆಜುವೆಲಾ ಆದರೆ 9.30. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ಬ್ರೆಜಿಲ್‌ನ ರಾಜಧಾನಿಯ ಸಮಯ ಆದರೆ 8.30. ಚಿಲಿ ಮಾತ್ರ ಋತುವಿಗೆ ತಕ್ಕಂತೆ ಗಡಿಯಾರ ಬದಲಿಸುತ್ತದೆ, ಅದನ್ನು ಪ್ರತಿ ಸಲ ನೋಡಿಯೇ ಲೆಕ್ಕ ಹಾಕಬೇಕು. ಕ್ವಿಟೊದಲ್ಲಿ ಸಂಜೆ 4 ಅಂದರೆ ನಮಗೆ ಬೆಳಗಿನ ಜಾವ 2.30, ಅಲ್ಲಿ 7 ಅಂದರೆ ಇಲ್ಲಿ ಬೆಳಿಗ್ಗೆ 5.30. ತಪ್ಪಾಗುವುದು ಗಂಟೆಯಲ್ಲಿ ಅಲ್ಲ, ತಾರೀಖಿನಲ್ಲಿ. ಅಲ್ಲಿನ ಶನಿವಾರದ ಪಂದ್ಯಕ್ಕೆ ಅಲಾರಾಂ ಇಡಬೇಕಾದದ್ದು ನಮ್ಮ ಭಾನುವಾರ ಬೆಳಗಿನ ಜಾವಕ್ಕೆ.

ಕಡಲತಡಿ

ಭಾರತದ ಹುಡುಗಿಯರೂ ಈ ತಂಡಗಳ ಎದುರು ಆಡಿದ್ದಾರೆ ಅಂತ ಹೊಸಬರಿಗೆ ಗೊತ್ತಿರಲಿ. 2021ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮನಾಉಸ್‌ನಲ್ಲಿ ನಾಲ್ಕು ರಾಷ್ಟ್ರಗಳ ಟೂರ್ನಿ ನಡೆದಿತ್ತು. ಬ್ರೆಜಿಲ್ ಎದುರು 1–6, ಚಿಲಿ ಎದುರು 0–3, ವೆನೆಜುವೆಲಾ ಎದುರು 1–2. ಬ್ರೆಜಿಲ್ ಮೇಲಿನ ಆ ಒಂದು ಗೋಲು ಮನೀಷಾ ಕಲ್ಯಾಣ್ ಅವರದು, 8ನೇ ನಿಮಿಷದಲ್ಲೇ ಬಂದು ಆಗ 1–1 ಆಗಿತ್ತು. ಏಳು ವಿಶ್ವಕಪ್ ಆಡಿದ ಫೊರ್ಮಿಗಾ ಬ್ರೆಜಿಲ್ ಅಂಗಿ ತೊಟ್ಟ ಕೊನೆಯ ಪಂದ್ಯವೂ ಅದೇ.

ಅಂಕಪಟ್ಟಿಯವರೇ, ಮುಂದಿನ ವರ್ಷ 2022ರ ಕೋಪಾದಲ್ಲಿ ವೆನೆಜುವೆಲಾ, ಚಿಲಿ ತಂತಮ್ಮ ಗುಂಪಿನಲ್ಲಿ ಎಷ್ಟನೇ ಸ್ಥಾನ?

ಅಂಕಪಟ್ಟಿ

ಎರಡೂ ಮೂರನೇ ಸ್ಥಾನ, ಆರಾರು ಅಂಕ. ಐದನೇ ಸ್ಥಾನದ ಪಂದ್ಯವನ್ನು ಅವರಿಬ್ಬರೇ ಆಡಿದರು: 1–1, ಪೆನಾಲ್ಟಿಯಲ್ಲಿ ಚಿಲಿ 4–2.